ಕಾಲಮ್ಮಿಗೆ ಸಿಗದ ಬದುಕು

ರಬಕವಿ–ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಮನೆ ಯಾವುದು, ಕಾರ್ಖಾನೆ ಯಾವುದು ಎಂದು ಹೊರಗಿನವರಿಗೆ ಥಟ್ಟನೆ ತಿಳಿಯದು. ಪಡಸಾಲೆಯಲ್ಲೇ ಮಗ್ಗ, ಅದರ ಖಟಖಟದ ನಡುವೆಯೇ ಅಡುಗೆ, ಮಕ್ಕಳ ಓದು. 2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾದಾಗ, 60 ಪ್ರಶ್ನೆಗಳ ಪಟ್ಟಿ ಇಂಥ ಪಡಸಾಲೆಗಳಿಗೂ ಬಂತು. ಜಾತಿ, ಓದು, ಕಸುಬು, ಆದಾಯ, ಆಸ್ತಿ. ಕೇಳುವ ಮಾಸ್ತರರಿಗೆ ಪ್ರಶ್ನೆ ಸಲೀಸು, ಉತ್ತರ ಮಾತ್ರ ಅಷ್ಟು ಸಲೀಸಲ್ಲ.

ಮಗ್ಗ ಮನೆಯದು, ನೂಲು ಮಾಲೀಕರದು. ಸೀರೆಯ ಲೆಕ್ಕದಲ್ಲಿ ಮಜೂರಿ ಪಡೆಯುವ ನೇಕಾರ ಒಡೆಯನೂ ಹೌದು, ಕೂಲಿಯವನೂ ಹೌದು. ಸ್ವಂತ ಉದ್ಯೋಗ ಎಂದು ಬರೆದರೆ ಅವನ ಬಡತನ ಮರೆಯಾಗುತ್ತದೆ. ಕೂಲಿ ಎಂದು ಬರೆದರೆ ಮಗ್ಗದ ಮೇಲಿನ ಸಾಲ ಕಾಣಿಸುವುದಿಲ್ಲ. ಕಂಡಿಕೆ ಸುತ್ತುವ ಹೆಂಡತಿ, ಕಣ್ಣು ಮಂಜಾದ ತಾಯಿ ‘ಮನೆಗೆಲಸ’ ಎಂಬ ಸಾಲಿಗೆ ಸೇರಿಬಿಡುತ್ತಾರೆ. ಅವರ ಕೈ ನಿಂತರೆ ಮಗ್ಗವೂ ನಿಲ್ಲುತ್ತದೆಂಬುದು ಓಣಿಗೆಲ್ಲ ಗೊತ್ತಿದ್ದ ಮಾತು. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಮದುವೆ ಹಂಗಾಮಿನ ಗಳಿಕೆ ನೋಡಿ ಗುಣಿಸಿದರೆ ಕಾರ್ಡು ಹೋದಂತೆ. ಸೀರೆ ಖರ್ಚಾಗದೆ ಮಗ್ಗ ಸುಮ್ಮನಾಗುವ ದಿನಗಳನ್ನು ಯಾರು ಕಳೆಯುತ್ತಾರೆ?

ಮುಧೋಳದ ಕಡೆ ಹೊರಳಿದರೆ ಕಬ್ಬು. 2011ರ ಸಾಮಾಜಿಕ–ಆರ್ಥಿಕ ಗಣತಿಯಲ್ಲಿ ಹಳ್ಳಿಯ ಕುಟುಂಬಕ್ಕೆ ಎರಡೂವರೆ ಎಕರೆ ನೀರಾವರಿ ಮತ್ತು ಒಂದು ಪಂಪ್‌ಸೆಟ್ ಇದ್ದರೆ ಸಾಕು, ಬಡವರ ಪಟ್ಟಿಯಿಂದ ಹೊರಗೆ. ಮೋಟರ್ ಸೈಕಲ್ ಇದ್ದರೂ ಹೊರಗೇ. ಕಬ್ಬು ಕಾರ್ಖಾನೆ ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕೇಂದ್ರದ ಆದೇಶ ಹೇಳುತ್ತದೆ. ಬಿಲ್ಲು ತಡವಾದ ವರ್ಷ ರೈತ ಯಾವ ವರ್ಗದವನು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇರಲಿಲ್ಲ.

ಜಮಖಂಡಿಯ ಕೃಷ್ಣಾ ತೀರದ ಹಳ್ಳಿಗಳಿಗೆ 2019ರ ಪ್ರವಾಹ ಕಲಿಸಿದ್ದು ಬೇರೆಯೇ ಅಕ್ಷರಮಾಲೆ: ಎ, ಬಿ, ಸಿ. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ‘ಸಿ’ಗೆ 50 ಸಾವಿರ ರೂಪಾಯಿ. ನೆನೆದ ಮಣ್ಣಿನ ಗೋಡೆಯ ಗುಣವೋ, ಕೆಲವೊಮ್ಮೆ ಬಿಸಿಲು ಬಿದ್ದ ಮೇಲೆ ಕುಸಿಯುತ್ತದೆ. ಅಷ್ಟರಲ್ಲಿ ಅಕ್ಷರ ಬರೆದಾಗಿರುತ್ತದೆ.

ಬೀಳಗಿಯಲ್ಲಿ ಮಾತು ನೆಲದ್ದು. ಆಲಮಟ್ಟಿ ಜಲಾಶಯದ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರಿದರೆ ಕೃಷ್ಣೆ, ಘಟಪ್ರಭೆಯ ಹಿನ್ನೀರು ಮತ್ತಷ್ಟು ಹೊಲಗಳಿಗೆ ಚಾಚುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಪರಿಹಾರ ನಿಗದಿ ಮಾಡಿತು: ಎಕರೆಗೆ ನೀರಾವರಿಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ. ಸಾಲ ಮಾಡಿ ಹೊಳೆಯಿಂದ ಪೈಪು ಎಳೆದು ಕಬ್ಬು ಬೆಳೆಸಿದವನ ಪಹಣಿಯಲ್ಲಿ, ಇಲ್ಲಿನವರ ಬಾಯಲ್ಲಿ ಉತಾರದಲ್ಲಿ, ಇನ್ನೂ ಒಣಭೂಮಿ ಎಂದೇ ಉಳಿದಿದ್ದು, ಆ ಕಾಗದವನ್ನೇ ನಂಬಿದರೆ, ಒಂದು ಶಬ್ದಕ್ಕೆ ಎಕರೆಗೆ 10 ಲಕ್ಷ ಹೋಯಿತು. ಎದುರಿಗೆ ಕಬ್ಬು ಆಳೆತ್ತರ ನಿಂತಿದ್ದರೂ.