ಮತಗಟ್ಟೆ ಮುಚ್ಚುವ ಎರಡು ಬಗೆ

ಸರ್ಕಾರಿ ಗೆಜೆಟನ್ನು ಸಂತೋಷಕ್ಕಾಗಿ ಓದುವವರು ಯಾರೂ ಇರಲಾರರು. ಹತ್ತೊಂಬತ್ತನೆಯ ಶತಮಾನದ ಆಸ್ಟ್ರೇಲಿಯದ ಬ್ರಿಟಿಷ್ ವಸಾಹತುಗಳ ಗೆಜೆಟ್‌ಗಳೂ ಇದಕ್ಕೆ ಹೊರತಲ್ಲ. ಜಮೀನಿನ ಹರಾಜು, ಅಧಿಕಾರಿಗಳ ನೇಮಕ, ದೊಡ್ಡಿಗೆ ಸೇರಿದ ಬೀಡಾಡಿ ದನಗಳ ವಿವರ, ಇವುಗಳ ನಡುವೆ ಆಗಾಗ ಒಂದೆರಡು ಸಾಲಿನ ಇನ್ನೊಂದು ಪ್ರಕಟಣೆಯೂ ಇರುತ್ತಿತ್ತು. ಇಂಥ ಚುನಾವಣಾ ಕ್ಷೇತ್ರಕ್ಕೆ ಇಂಥ ಊರನ್ನು ಮತದಾನದ ಸ್ಥಳವೆಂದು ಗೊತ್ತುಪಡಿಸಲಾಗಿದೆ. ಇಂಥ ಊರಿನ ಮತದಾನದ ಸ್ಥಳವನ್ನು ರದ್ದುಪಡಿಸಲಾಗಿದೆ. ಇಷ್ಟೇ. ಆದರೆ ಆ ಊರಿನಲ್ಲಿ ವಾಸವಾಗಿದ್ದವನಿಗೆ ಸಂವಿಧಾನದ ದೊಡ್ಡ ಮಾತುಗಳಿಗಿಂತ ಈ ಒಂದೆರಡು ಸಾಲುಗಳೇ ಮುಖ್ಯವಾಗಿದ್ದವು. ರೈಲು ಇಲ್ಲದ, ರಸ್ತೆಯೂ ಸರಿಯಿಲ್ಲದ ಆ ವಿಸ್ತಾರದಲ್ಲಿ ಮತಗಟ್ಟೆ ಒಂದು ದಿನದ ಕುದುರೆ ಪಯಣದಷ್ಟು ದೂರವಿದ್ದರೆ, ಕಾಗದದ ಮೇಲಿನ ಹಕ್ಕು ಕಾಗದದ ಮೇಲೆಯೇ ಉಳಿಯುತ್ತಿತ್ತು.

ಮತಗಟ್ಟೆಗೆ ಇಷ್ಟು ಮಹತ್ವ ಬಂದದ್ದೂ ಆ ವಸಾಹತುಗಳಲ್ಲಿಯೇ. ಅಲ್ಲಿಯವರೆಗೆ ಬ್ರಿಟಿಷ್ ಪದ್ಧತಿಯ ಚುನಾವಣೆ ಬಯಲು ವೇದಿಕೆಯ ಮೇಲೆ, ಜನರ ಗದ್ದಲದ ನಡುವೆ ನಡೆಯುತ್ತಿತ್ತು. ಅಭ್ಯರ್ಥಿಗಳ ನಾಮಕರಣವೂ ಅಲ್ಲಿಯೇ, ಕೈ ಎತ್ತುವುದೂ ಅಲ್ಲಿಯೇ. ಮತದಾರ ತನ್ನ ಆಯ್ಕೆಯನ್ನು ಬಹಿರಂಗವಾಗಿ ಹೇಳಬೇಕಿತ್ತು. ಅವನ ಜಮೀನುದಾರನಿಗೆ, ಸಾಲ ಕೊಟ್ಟವನಿಗೆ, ಕೆಲಸ ಕೊಟ್ಟ ಯಜಮಾನನಿಗೆ ಅದು ತಿಳಿಯದೆ ಇರುತ್ತಿರಲಿಲ್ಲ. 1856ರ ಮಾರ್ಚ್‌ನಲ್ಲಿ ವಿಕ್ಟೋರಿಯ, ಏಪ್ರಿಲ್‌ನಲ್ಲಿ ದಕ್ಷಿಣ ಆಸ್ಟ್ರೇಲಿಯ ರಹಸ್ಯ ಮತದಾನದ ಕಾನೂನನ್ನು ತಂದವು. ಸರ್ಕಾರವೇ ಮುದ್ರಿಸಿದ ಮತಪತ್ರ, ಯಾರೂ ಇಣುಕಲಾಗದ ಮರೆ, ಬೀಗ ಹಾಕಿದ ಪೆಟ್ಟಿಗೆ: ಇಂದು ನಮಗೆ ಸಹಜವೆನಿಸುವ ಈ ಏರ್ಪಾಡು ಆಗ ಹೊಸದು. ಅಭ್ಯರ್ಥಿಯ ಹೆಸರಿನ ಪಕ್ಕದ ಚೌಕದಲ್ಲಿ ಗುರುತು ಹಾಕುವ ಕ್ರಮವನ್ನು ರೂಢಿಗೆ ತಂದವರು ದಕ್ಷಿಣ ಆಸ್ಟ್ರೇಲಿಯದ ಚುನಾವಣಾಧಿಕಾರಿ ವಿಲಿಯಂ ಬೂತ್‌ಬಿ. ಬ್ರಿಟನ್ ಈ ಪದ್ಧತಿಯನ್ನು ಒಪ್ಪಿಕೊಂಡದ್ದು 1872ರಲ್ಲಿ. ಅಮೆರಿಕದಲ್ಲಿ ಇದಕ್ಕೆ ‘ಆಸ್ಟ್ರೇಲಿಯದ ಮತಪತ್ರ’ ಎಂಬ ಹೆಸರೇ ಬಿತ್ತು.

ಇದರ ಪರಿಣಾಮವೆಂದರೆ, ಮತ ಹಾಕಲು ಒಂದು ಬಯಲು ಸಾಲದಾಯಿತು. ಒಂದು ಕೋಣೆ ಬೇಕಾಯಿತು. ನ್ಯಾಯಾಲಯದ ಕಟ್ಟಡ, ಶಾಲೆ, ಸಭಾಂಗಣ, ಯಾವುದಾದರೂ ಸರಿ, ಅಲ್ಲಿ ಮರೆ ಇರಬೇಕು, ಪೆಟ್ಟಿಗೆ ಇರಬೇಕು, ಅಧಿಕಾರಿ ಇರಬೇಕು. ಬಡವನ ಧೈರ್ಯವನ್ನು ಕಾಯುವ ಹೊಣೆ ಆ ಕೋಣೆಯ ಮೇಲೆ ಬಿತ್ತು. ಹಾಗಾದರೆ ಆ ಕೋಣೆ ಎಲ್ಲಿರಬೇಕು, ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು?

ಈ ಪ್ರಶ್ನೆಗೆ ಅತ್ಯಂತ ಪೇಚಿನ ಉತ್ತರ ದೊರೆತದ್ದು ಚಿನ್ನದ ನೆಲಗಳಲ್ಲಿ. 1851ರಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಗಳಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿದ ಮೇಲೆ ಜನ ಹೊಳೆಯಂತೆ ಹರಿದು ಬಂದರು. ಅಗೆಯುವವರಿಗೆ ಆಸ್ತಿ ಇರಲಿಲ್ಲ, ಖಾಯಂ ವಿಳಾಸ ಇರಲಿಲ್ಲ, ಹೀಗಾಗಿ ಮತವೂ ಇರಲಿಲ್ಲ. ಆದರೆ ಪರವಾನಗಿ ಶುಲ್ಕ ಮಾತ್ರ ತಪ್ಪುತ್ತಿರಲಿಲ್ಲ. ಈ ಅಸಮಾಧಾನ 1854ರ ಡಿಸೆಂಬರ್‌ನಲ್ಲಿ ಬ್ಯಾಲರಟ್‌ನ ಯುರೇಕಾ ದಂಗೆಯಾಗಿ ಸಿಡಿದು, ಹಲವರ ಪ್ರಾಣ ಹೋಯಿತು. ಮರುವರ್ಷವೇ ವಿಕ್ಟೋರಿಯ ಸರ್ಕಾರ ಹಳೆಯ ಪರವಾನಗಿಯನ್ನು ತೆಗೆದು, ವರ್ಷಕ್ಕೆ ಒಂದು ಪೌಂಡ್ ಬೆಲೆಯ ‘ಗಣಿಗಾರನ ಹಕ್ಕುಪತ್ರ’ವನ್ನು ತಂದಿತು. ಅದನ್ನು ಪಡೆದವನಿಗೆ ಅಗೆಯುವ ಹಕ್ಕಿನ ಜೊತೆಗೆ ಮತದ ಹಕ್ಕೂ ಬಂತು.

ನ್ಯೂ ಸೌತ್ ವೇಲ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ 1858ರ ಚುನಾವಣಾ ಕಾನೂನು ವಯಸ್ಕ ಪುರುಷರಿಗೆ ಮತದಾನದ ಹಕ್ಕನ್ನೂ ರಹಸ್ಯ ಮತದಾನವನ್ನೂ ತಂದಿತಲ್ಲದೆ, ಚಿನ್ನದ ನೆಲಗಳಿಗಾಗಿಯೇ ಉತ್ತರ, ದಕ್ಷಿಣ, ಪಶ್ಚಿಮ ಎಂಬ ಮೂರು ಪ್ರತ್ಯೇಕ ಕ್ಷೇತ್ರಗಳನ್ನು ರಚಿಸಿತು. ನಿಗದಿತ ಅವಧಿಯಿಂದ ಗಣಿಗಾರನ ಹಕ್ಕುಪತ್ರ ಹೊಂದಿದ್ದವನು ಅಲ್ಲಿ ಮತದಾರನಾಗುತ್ತಿದ್ದ. ಆದರೆ ಕ್ಷೇತ್ರದ ಗಡಿ ನಿಂತಲ್ಲೇ ನಿಂತರೂ ಮತದಾರ ನಿಲ್ಲುತ್ತಿರಲಿಲ್ಲ. ಹಿಮಪರ್ವತಗಳ ನಡುವಿನ ಕಿಯಾಂಡ್ರಾದಲ್ಲಿ 1859ರ ಕೊನೆಯಲ್ಲಿ ಚಿನ್ನ ಸಿಕ್ಕಿತು. 1860ರಲ್ಲಿ ಸಾವಿರಾರು ಜನ ನೆರೆದು ಅಂಗಡಿ, ಹೋಟೆಲುಗಳ ಪಟ್ಟಣವೇ ಎದ್ದಿತು. ಮುಂದಿನ ವರ್ಷದ ಹೊತ್ತಿಗೆ ಅವರಲ್ಲಿ ಬಹುಪಾಲು ಜನ ಬೇರೆ ಕಡೆಗೆ ನಡೆದಿದ್ದರು. ಇಂಥ ಊರಿನಲ್ಲಿ ಮತಗಟ್ಟೆ ಎಂದರೆ ಜಾತ್ರೆಯ ಚಪ್ಪರವಿದ್ದಂತೆ. ಜನ ಬಂದಾಗ ಹಾಕಬೇಕು, ಜನ ಹೋದಾಗ ತೆಗೆಯಬೇಕು. ಕೊನೆಗೆ 1880ರಲ್ಲಿ ಆ ಮೂರು ಕ್ಷೇತ್ರಗಳೇ ರದ್ದಾದವು. ಇದರಲ್ಲಿ ಅನ್ಯಾಯವೇನೂ ಇರಲಿಲ್ಲ. ಮತದಾರನ ಬೆನ್ನು ಹಿಡಿದು ಹೋಗುವುದು ಮತಗಟ್ಟೆಯ ಧರ್ಮ.

ಮತದಾರ ಚದುರದೆ ಒಂದೇ ಕಡೆ ನೆಲೆಸಿದ್ದರೂ ದೂರ ಎಂಬುದು ದೂರವೇ. ದಕ್ಷಿಣ ಆಸ್ಟ್ರೇಲಿಯ 1894ರ ಡಿಸೆಂಬರ್‌ನಲ್ಲಿ ಮಹಿಳೆಯರಿಗೆ ಮತದಾನದ ಹಕ್ಕನ್ನೂ ಸಂಸತ್ತಿಗೆ ಸ್ಪರ್ಧಿಸುವ ಹಕ್ಕನ್ನೂ ನೀಡುವ ಮಸೂದೆಯನ್ನು ಅಂಗೀಕರಿಸಿದಾಗ, ಅದರಲ್ಲಿ ಗಮನಿಸಬೇಕಾದ ಒಂದು ಅಂಶವಿತ್ತು. ಹತ್ತಿರದ ಮತಗಟ್ಟೆಯಿಂದ ಮೂರು ಮೈಲಿಗಿಂತ ದೂರ ವಾಸಿಸುವ ಮಹಿಳೆ ಅಂಚೆಯ ಮೂಲಕ ಮತ ಹಾಕಬಹುದಿತ್ತು. ಹಕ್ಕು ಕೊಟ್ಟು ಕೈ ತೊಳೆದುಕೊಂಡರೆ ಸಾಲದು, ಅದನ್ನು ಚಲಾಯಿಸುವ ದಾರಿಯನ್ನೂ ತೋರಿಸಬೇಕು ಎಂಬ ವಿವೇಕ ಇದರ ಹಿಂದಿತ್ತು.

ಇದೇ ವಸಾಹತಿನ ಅಲೆಕ್ಸಾಂಡ್ರಿನಾ ಸರೋವರದ ದಂಡೆಯಲ್ಲಿ ಪಾಯಿಂಟ್ ಮೆಕ್ಲೇ ಎಂಬ ಮಿಷನ್ ನೆಲೆಯಿತ್ತು. ಈಗ ಅದರ ಹೆಸರು ರೌಕನ್. ನರಿಂಜೆರಿ ಜನಾಂಗದ ಮೂಲನಿವಾಸಿಗಳ ಊರು ಅದು. ಲೇಖಕ, ಸಂಶೋಧಕ ಡೇವಿಡ್ ಯುನೈಪನ್ 1872ರಲ್ಲಿ ಹುಟ್ಟಿದ್ದು ಅಲ್ಲಿಯೇ. ಆಸ್ಟ್ರೇಲಿಯದ ಐವತ್ತು ಡಾಲರ್ ನೋಟಿನ ಮೇಲೆ ಅವರ ಚಿತ್ರವಿದೆ. ದಕ್ಷಿಣ ಆಸ್ಟ್ರೇಲಿಯದ 1856ರ ಸಂವಿಧಾನ ವಯಸ್ಕ ಪುರುಷರಿಗೆಲ್ಲ ಮತದ ಹಕ್ಕು ಕೊಟ್ಟಾಗ ಮೂಲನಿವಾಸಿಗಳನ್ನು ಹೊರಗಿಟ್ಟಿರಲಿಲ್ಲ. 1894ರ ಕಾನೂನು ಅವರ ಮಹಿಳೆಯರನ್ನೂ ಹೊರಗಿಡಲಿಲ್ಲ. ಆದರೂ ಆ ಹಕ್ಕನ್ನು ಅವರಿಗೆ ತಿಳಿಸಿ ಹೇಳುವ ಗೋಜಿಗೆ ಹೋದವರು ವಿರಳ. 1890ರ ದಶಕದಲ್ಲಿ ಪಾಯಿಂಟ್ ಮೆಕ್ಲೇಯಲ್ಲಿ ಒಂದು ಮತಗಟ್ಟೆ ತೆರೆಯಿತು. ಅಲ್ಲಿನ ಪುರುಷರೂ ಮಹಿಳೆಯರೂ ವಸಾಹತಿನ ಚುನಾವಣೆಗಳಲ್ಲಿ ಮತ ಹಾಕಿದರು. 1901ರಲ್ಲಿ ಒಕ್ಕೂಟದ ಮೊದಲ ಸಂಸತ್ತನ್ನು ಆರಿಸುವಾಗಲೂ ಮತ ಹಾಕಿದರು. ಬ್ರಿಟನ್ನಿನ ಮಹಿಳೆಯರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತವಿಲ್ಲದಿದ್ದ ಕಾಲದಲ್ಲಿ ನರಿಂಜೆರಿ ಮಹಿಳೆಯೊಬ್ಬಳು ಮತಪತ್ರದ ಮೇಲೆ ಗುರುತು ಹಾಕುತ್ತಿದ್ದಳು.

ಮರುವರ್ಷ ಆ ಸಂಸತ್ತೇ ಬಾಗಿಲು ಹಾಕಿತು. 1902ರ ಒಕ್ಕೂಟ ಮತಾಧಿಕಾರ ಕಾನೂನು ಬಿಳಿಯ ಮಹಿಳೆಯರಿಗೆ ದೇಶದಾದ್ಯಂತ ಮತ ನೀಡಿ ಜಗತ್ತಿನ ಮೆಚ್ಚುಗೆ ಗಳಿಸಿತು. ಅದೇ ಕಾನೂನು ಆಸ್ಟ್ರೇಲಿಯ, ಏಷ್ಯಾ, ಆಫ್ರಿಕಾ ಮತ್ತು ನ್ಯೂಜಿಲೆಂಡ್ ಹೊರತಾದ ಪೆಸಿಫಿಕ್ ದ್ವೀಪಗಳ ಮೂಲನಿವಾಸಿಗಳನ್ನು ಮತದಾರರ ಪಟ್ಟಿಯಿಂದ ಹೊರಗಿಟ್ಟಿತು. ರಾಜ್ಯದಲ್ಲಿ ಮತಾಧಿಕಾರ ಇದ್ದವರನ್ನು ಒಕ್ಕೂಟದ ಚುನಾವಣೆಯಲ್ಲಿ ತಡೆಯಬಾರದೆಂದು ಸಂವಿಧಾನದ 41ನೆಯ ಕಲಮು ಹೇಳುತ್ತಿತ್ತು. ಅಧಿಕಾರಿಗಳು ಅದಕ್ಕೂ ಕಿರಿದಾದ ಅರ್ಥ ಹಚ್ಚಿದರು. ಆಗಲೇ ಪಟ್ಟಿಯಲ್ಲಿದ್ದವರಿಗೆ ಮಾತ್ರ ಹಕ್ಕು, ಹೊಸಬರಿಗೆ ಇಲ್ಲ. ತಂದೆ ತಾಯಿ ಮತ ಹಾಕಿದ್ದ ಊರಿನಲ್ಲಿ ಮಕ್ಕಳಿಗೆ ಒಕ್ಕೂಟದ ಮತವಿಲ್ಲವೆಂದಾಯಿತು. ಮುದುಕರು ಸಾಯುತ್ತ ಹೋದಂತೆ ಪಟ್ಟಿಯೂ ತಾನಾಗಿ ಕರಗಬೇಕೆಂಬುದು ಇದರ ಒಳ ಲೆಕ್ಕ. ಚಿನ್ನದ ನೆಲಗಳಲ್ಲಿ ಮತದಾರರು ಎದ್ದು ಹೋದ ಮೇಲೆ ಮತಗಟ್ಟೆ ತೆಗೆದರು. ಇಲ್ಲಿ ಮತದಾರರು ತಮ್ಮ ಊರಿನಲ್ಲೇ ಇದ್ದರು. ಅವರ ಹೆಸರು ತೆಗೆದರು. ಎರಡನೆಯ ಬಗೆಯ ಮುಚ್ಚುವಿಕೆಗೆ ಗೆಜೆಟ್ಟಿನ ಪ್ರಕಟಣೆಯೂ ಬೇಕಿಲ್ಲ.

ಆ ಕಾನೂನಿನಲ್ಲಿದ್ದ ‘ಏಷ್ಯಾ’ ಎಂಬ ಪದ ನಮ್ಮವರನ್ನೂ ಮುಟ್ಟಿತು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ ಆಗಿದ್ದರೂ ಆಸ್ಟ್ರೇಲಿಯದಲ್ಲಿ ನೆಲೆಸಿದ್ದ ಭಾರತೀಯರಿಗೆ ಮತಗಟ್ಟೆ ದಕ್ಕಲಿಲ್ಲ. 1922ರಲ್ಲಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಅಲ್ಲಿ ಪ್ರವಾಸ ಮಾಡಿ ಈ ತಾರತಮ್ಯದ ವಿರುದ್ಧ ವಾದಿಸಿದರು. 1924ರಲ್ಲಿ ಮೆಲ್ಬರ್ನಿನಲ್ಲಿ ನೆಲೆಸಿದ್ದ ಭಾರತೀಯರೊಬ್ಬರು ನ್ಯಾಯಾಲಯದ ಮೆಟ್ಟಿಲು ಹತ್ತಿ ಗೆದ್ದರು. 1925ರಲ್ಲಿ ಕಾನೂನು ತಿದ್ದುಪಡಿಯಾಗಿ ಬ್ರಿಟಿಷ್ ಭಾರತದಿಂದ ಬಂದವರಿಗೆ ಮತ ಸಿಕ್ಕಿತು. ಹೊರಗಿನಿಂದ ಬಂದವರಿಗೆ ಇಪ್ಪತ್ಮೂರು ವರ್ಷಗಳಲ್ಲಿ ತೆರೆದ ಬಾಗಿಲು, ಆ ನೆಲದ ಮೂಲ ಒಡೆಯರೆಲ್ಲರಿಗೂ ತೆರೆದದ್ದು 1962ರಲ್ಲಿ. ಇತರರಂತೆ ಅವರಿಗೂ ನೋಂದಣಿ ಕಡ್ಡಾಯವಾದದ್ದು 1984ರಲ್ಲಿ.

ಸ್ವತಂತ್ರ ಭಾರತ ಈ ವಿಷಯದಲ್ಲಿ ಉದಾರವಾಗಿಯೇ ಆರಂಭಿಸಿತು. 1951-52ರ ಮೊದಲ ಮಹಾಚುನಾವಣೆಗೆ ಸುಕುಮಾರ್ ಸೇನ್ ಅವರ ನೇತೃತ್ವದಲ್ಲಿ ಸುಮಾರು 1.96 ಲಕ್ಷ ಮತಗಟ್ಟೆಗಳನ್ನು ತೆರೆಯಲಾಯಿತು. ಅವುಗಳಲ್ಲಿ 27 ಸಾವಿರಕ್ಕೂ ಹೆಚ್ಚು ಮಹಿಳೆಯರಿಗಾಗಿಯೇ ಮೀಸಲು. 2024ರ ಲೋಕಸಭಾ ಚುನಾವಣೆಯಲ್ಲಿ ಈ ಸಂಖ್ಯೆ ಹತ್ತು ಲಕ್ಷವನ್ನು ದಾಟಿತ್ತು. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ದೂರ ನಡೆಯಬಾರದು ಎಂಬುದು ನಮ್ಮ ಚುನಾವಣಾ ಆಯೋಗದ ಸಾಮಾನ್ಯ ನಿಯಮ. ಗುಜರಾತಿನ ಗಿರ್ ಅರಣ್ಯದ ಬಾನೇಜ್‌ನಲ್ಲಿ ಒಬ್ಬನೇ ಮತದಾರನಿಗಾಗಿ ಹಲವು ಚುನಾವಣೆಗಳಲ್ಲಿ ಮತಗಟ್ಟೆ ತೆರೆಯಲಾಗಿದೆ. ಖರ್ಚಿನ ಲೆಕ್ಕ ನೋಡುವವರಿಗೆ ಇದು ದುಂದು. ಪ್ರಜಾಪ್ರಭುತ್ವದ ಲೆಕ್ಕದಲ್ಲಿ ಇದು ಋಣ ಸಂದಾಯ.

ಆದರೆ ಆ ಮೊದಲ ಚುನಾವಣೆಯಲ್ಲಿಯೇ ಇನ್ನೊಂದು ಘಟನೆಯೂ ನಡೆದಿತ್ತು. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರು ಕೊಡದಿದ್ದ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಲಾಯಿತು. ಅದರ ಉದ್ದೇಶ ಆಸ್ಟ್ರೇಲಿಯದ 1902ರ ಕಾನೂನಿನದ್ದಲ್ಲ. ಹೆಣ್ಣಿಗೆ ತನ್ನದೇ ಹೆಸರಿನ ಗುರುತು ಇರಬೇಕೆಂಬ ಹಟ ಅದರಲ್ಲಿತ್ತು. ಹಾಗಿದ್ದರೂ ಮತಗಟ್ಟೆ ಊರಿನಲ್ಲಿತ್ತು, ಮತದಾರಳೂ ಊರಿನಲ್ಲಿದ್ದಳು, ಮತ ಮಾತ್ರ ಇರಲಿಲ್ಲ.

ಮತಗಟ್ಟೆ ಎಷ್ಟು ದೂರ ಎಂದು ನಾವು ಮೈಲಿಗಳಲ್ಲಿ, ಕಿಲೋಮೀಟರುಗಳಲ್ಲಿ ಅಳೆಯುತ್ತೇವೆ. ಅದು ಅಗತ್ಯವೇ. ಆದರೆ ಪಾಯಿಂಟ್ ಮೆಕ್ಲೇಯ ಮಕ್ಕಳಿಗೆ 1902ರ ನಂತರ ಮತಗಟ್ಟೆ ಎಷ್ಟು ದೂರವಿತ್ತು ಎಂದು ಕೇಳಿದರೆ ಯಾವ ಅಳತೆಗೋಲೂ ಉತ್ತರ ಹೇಳದು. ಅವರು ಅರುವತ್ತು ವರ್ಷ ನಡೆಯಬೇಕಾಯಿತು. ಮತದಾರರ ಪಟ್ಟಿ ಪರಿಷ್ಕರಣೆಯಾದಾಗಲೆಲ್ಲ, ಮತಗಟ್ಟೆಗಳ ಮರುಹೊಂದಾಣಿಕೆಯಾದಾಗಲೆಲ್ಲ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಮತದಾರ ಹೋದದ್ದರಿಂದ ಮತಗಟ್ಟೆ ಹೋಯಿತೇ, ಅಥವಾ ಮತದಾರ ಇದ್ದಂತೆಯೇ ಅವನ ಪಾಲಿನ ಬಾಗಿಲು ಮುಚ್ಚಿತೇ?