ಪೀಪಾಯಿಯ ಬಿಯರಿನ ಕದಡು: ಕಾರಣಗಳೂ ಅಪಾಯದ ವಿಚಾರವೂ

ಕನ್ನಡದ 'ತಿಳಿ' ಎಂಬ ಮಾತಿಗೆ ಕದಡಿಲ್ಲದ ದ್ರವವೆಂಬ ಅರ್ಥವೂ ಉಂಟು, ಅರಿತುಕೊಳ್ಳು ಎಂಬ ಅರ್ಥವೂ ಉಂಟು. ತಿಳಿಯಾದುದು ಶುದ್ಧ, ಕದಡಿದುದು ಅಶುದ್ಧ ಎಂದು ನೀರಿನ ಬಳಕೆಯಿಂದ ಬಂದ ಭಾವನೆಯನ್ನು ಜನರು ಇತರ ಪಾನೀಯಗಳಿಗೂ ಅನ್ವಯಿಸುವರು. ಪೀಪಾಯಿಯ ಬಿಯರು ಮಬ್ಬಾಗಿ ಕಂಡರೆ ಅದನ್ನು ಕುಡಿಯಬಹುದೇ ಎಂಬ ಸಂದೇಹವು ಹುಟ್ಟುವುದು ಈ ಕಾರಣದಿಂದಲೇ. ಮದ್ಯವು ಸ್ವಭಾವತಃ ದೇಹಕ್ಕೆ ಮಾಡುವ ಹಾನಿಯು ಬೇರೆಯ ವಿಷಯ. ಕದಡಿನಿಂದ ಹೆಚ್ಚಿನ ಅಪಾಯವುಂಟೇ ಎಂಬುದಷ್ಟೇ ಇಲ್ಲಿ ವಿಚಾರಣೀಯವಾದುದು.

ಕದಡಿಗೆ ಮುಖ್ಯ ಕಾರಣಗಳು ಮೂರು. ಮೊದಲನೆಯದು ಹುದುಗನ್ನುಂಟುಮಾಡುವ ಯೀಸ್ಟು. ಬವೇರಿಯದ ಗೋದಿಯ ಬಿಯರಿನಲ್ಲಿ ಇದನ್ನು ಬೇಕೆಂದೇ ಉಳಿಸುವರು. 'ಹೆಫೆವೈಟ್ಸೆನ್' ಎಂಬ ಅದರ ಹೆಸರಿನಲ್ಲಿ 'ಹೆಫೆ' ಎಂದರೆ ಯೀಸ್ಟೆಂದೇ ಅರ್ಥ. ಇಂಗ್ಲೆಂಡಿನ ಪೀಪಾಯಿಗಳ ಏಲ್ ಎಂಬ ಬಿಯರಿನಲ್ಲಿಯೂ ಜೀವಂತವಾದ ಯೀಸ್ಟಿರುವುದು. ಮೀನಿನ ಗಾಳಿಚೀಲದಿಂದ ಮಾಡಿದ ಅಂಟನ್ನು ಬೆರಸಿ ಅದನ್ನು ತಳಕ್ಕಿಳಿಸುವ ವಾಡಿಕೆಯುಂಟು. ಪೀಪಾಯಿಯನ್ನು ಅಲುಗಿಸಿದರೆ ಗಷ್ಟು ಮತ್ತೆ ಮೇಲೇಳುವುದು. ಎರಡನೆಯ ಕಾರಣವು ಶೈತ್ಯ. ಧಾನ್ಯದ ಪ್ರೋಟೀನುಗಳೂ, ಧಾನ್ಯದಿಂದಲೂ ಹಾಪ್ ಹೂವಿನಿಂದಲೂ ಬಂದ ಒಗರು ದ್ರವ್ಯಗಳೂ ಅತಿಯಾದ ಚಳಿಯಲ್ಲಿ ಒಂದಕ್ಕೊಂದು ಕೂಡಿ ಮಂಜಿನಂತೆ ತೋರುವುವು. ಬಿಯರು ಸ್ವಲ್ಪ ಬೆಚ್ಚಗಾದೊಡನೆ ಈ ಮಬ್ಬು ಕರಗಿಹೋಗುವುದು. ಈ ಎರಡರಿಂದಲೂ ಸಾಮಾನ್ಯವಾಗಿ ಕೆಡಕಿಲ್ಲ.

ಮೂರನೆಯ ಕಾರಣವು ಬಿಯರನ್ನು ಹುಳಿಯಾಗಿಸುವ ಬ್ಯಾಕ್ಟೀರಿಯ. ಪಾಸ್ಚರನು 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಕಾರ್ಖಾನೆಗೆ ಹೋಗಿ, ಅಲ್ಲಿಯ ಯೀಸ್ಟಿನಲ್ಲಿ ಬೆರೆತಿದ್ದ ಅನ್ಯಜೀವಿಗಳನ್ನು ಸೂಕ್ಷ್ಮದರ್ಶಕದಿಂದ ತೋರಿಸಿಕೊಟ್ಟನು. ಬಿಯರಿನ 'ರೋಗ'ಗಳನ್ನು ಕುರಿತ ಅವನ ಗ್ರಂಥವು 1876ರಲ್ಲಿ ಹೊರಬಂದಿತು. ಆದರೆ ಬಿಯರಿನ ರೋಗವು ಮನುಷ್ಯನ ರೋಗವಲ್ಲ. ಮದ್ಯಸಾರ, ಆಮ್ಲತೆ, ಹಾಪ್ ಹೂವಿನ ಕಹಿ, ಅಂಗಾರಾಮ್ಲವಾಯು, ಆಮ್ಲಜನಕದ ಅಭಾವ ಇವೆಲ್ಲವೂ ಕೂಡಿರುವುದರಿಂದ ಮನುಷ್ಯನಿಗೆ ರೋಗ ತರುವ ಬ್ಯಾಕ್ಟೀರಿಯವು ಸಾಧಾರಣ ಬಿಯರಿನಲ್ಲಿ ಬೆಳೆಯಲಾರದು. ಮದ್ಯಸಾರವಿಲ್ಲದ ಬಿಯರಿಗೆ ಈ ರಕ್ಷಣೆಯು ಪೂರ್ಣವಾಗಿ ಇಲ್ಲವಾದುದರಿಂದ ಅಲ್ಲಿ ಹೆಚ್ಚಿನ ಎಚ್ಚರವು ಅಗತ್ಯ.

ಇನ್ನು ನಿಜವಾದ ಅಪಾಯಗಳು ಕಣ್ಣಿಗೆ ಕಂಡವೇ ಎಂಬುದನ್ನು ನೋಡಬೇಕು. 1900ರಲ್ಲಿ ಮ್ಯಾಂಚೆಸ್ಟರ್ ಪ್ರಾಂತದಲ್ಲಿ ಬಿಯರಿನಿಂದ ಸುಮಾರು 6000 ಮಂದಿ ಅಸ್ವಸ್ಥರಾಗಿ, 70 ಮಂದಿಯಾದರೂ ಮೃತರಾದರು. ಬಿಯರಿಗೆ ಬಳಸಿದ ಸಕ್ಕರೆಯನ್ನು ತಯಾರಿಸಲು ಉಪಯೋಗಿಸಿದ ಗಂಧಕಾಮ್ಲದಲ್ಲಿ ಆರ್ಸೆನಿಕ್ ಎಂಬ ಪಾಷಾಣವು ಸೇರಿತ್ತು. ಮೊದಲು ವೈದ್ಯರು ಇದನ್ನು ಅತಿಪಾನದ ಫಲವೆಂದೇ ಎಣಿಸಿದ್ದರು. ರೇನಾಲ್ಡ್ಸ್ ಎಂಬ ವೈದ್ಯನು ವಿಷವನ್ನು ಪತ್ತೆಹಚ್ಚಿದನು. ಕರಗಿದ ಆ ಪಾಷಾಣವು ಬಿಯರನ್ನು ಕದಡಿಸಿರಲಿಲ್ಲ. 1965-66ರಲ್ಲಿ ಕೆನಡದ ಕ್ವಿಬೆಕ್ ನಗರದಲ್ಲಿ ಅತಿಯಾಗಿ ಬಿಯರು ಕುಡಿಯುತ್ತಿದ್ದ ಹಲವರು ಹೃದಯದ ಸ್ನಾಯು ಕೆಟ್ಟು ಸತ್ತರು; ನೊರೆಯು ಚೆನ್ನಾಗಿ ನಿಲ್ಲಲೆಂದು ಬೆರಸಿದ್ದ ಕೋಬಾಲ್ಟಿನ ಲವಣವೇ ಅದಕ್ಕೆ ಕಾರಣವೆಂದು ನಿರ್ಣಯಿಸಲಾಯಿತು. ನೋಟಕ್ಕೆ ಚೆಲುವನ್ನು ಕೊಡಲೆಂದು ಸೇರಿಸಿದ ವಸ್ತುವೇ ಅಲ್ಲಿ ಮೃತ್ಯುವನ್ನು ತಂದಿತು.

ಆದುದರಿಂದ ಕದಡನ್ನು ವಿಷದ ಲಕ್ಷಣವೆಂದಾಗಲಿ, ತಿಳಿಯನ್ನು ಶುದ್ಧಿಯ ಪ್ರಮಾಣವೆಂದಾಗಲಿ ಗ್ರಹಿಸಲಾಗದು. ಕದಡು ಆ ಬಗೆಯ ಬಿಯರಿಗೆ ಸಹಜವೇ ಎಂಬುದನ್ನು ಮೊದಲು ವಿಚಾರಿಸಬೇಕು. ಸಹಜವಲ್ಲದಿದ್ದರೆ ಬೆಚ್ಚಗಾದಾಗ ಕರಗುವುದೇ ಎಂದು ನೋಡಬೇಕು. ಕರಗದೆ, ಹುಳಿಯೋ ಕೆಟ್ಟ ಬೆಣ್ಣೆಯ ವಾಸನೆಯೋ ಬಂದರೆ ಪೀಪಾಯಿ ಹಳತಾಗಿರುವುದನ್ನೋ ಕೊಳವೆ ಕೊಳಕಾಗಿರುವುದನ್ನೋ ಶಂಕಿಸಿ ಬಿಟ್ಟುಬಿಡುವುದು ಯುಕ್ತ. ಕೊಳವೆಯನ್ನು ತೊಳೆಯುವ ತೀಕ್ಷ್ಣಕ್ಷಾರವು ಅದರಲ್ಲಿ ಉಳಿದಿದ್ದರೆ ಬಾಯಿ ಗಂಟಲುಗಳು ಬೆಂದುಹೋಗಬಹುದು. ಅಂತಹ ಪಾನೀಯವೂ ತಿಳಿಯಾಗಿಯೇ ಕಾಣಬಹುದು. ಹೀಗೆ ಬಿಯರಿನ ವಿಷಯದಲ್ಲಿ 'ತಿಳಿ'ಯ ಎರಡು ಅರ್ಥಗಳು ಬೇರೆಬೇರೆಯಾಗಿಯೇ ನಿಲ್ಲುವುವು. ಒಂದನ್ನು ಕಂಡು ಇನ್ನೊಂದನ್ನು ಪಡೆದೆವೆಂದು ಭಾವಿಸುವುದು ಸರಿಯಲ್ಲ.