ಕಡತವಿದೆ, ಬೀಗದ ಕೈ ಇಲ್ಲ

ಕಪಾಟಿನಲ್ಲಿಟ್ಟ ಪುಸ್ತಕಕ್ಕೆ ಗೆದ್ದಲು ಹಿಡಿಯಬಹುದು, ಮಾಡು ಸೋರಿ ನೀರು ಬೀಳಬಹುದು. ಆದರೆ ಪುಸ್ತಕ ನೆಟ್ಟಗಿದ್ದೂ, ಬರೆದವರು ಇನ್ನೂ ಬದುಕಿರುವಾಗಲೇ, ಒಳಗಿನ ಅಕ್ಷರ ಯಾರಿಗೂ ಓದಲು ಬಾರದಂತಾಗುವ ವಿಚಿತ್ರ ಕಂಪ್ಯೂಟರ್ ಬಂದ ಮೇಲಿನದು. 1998ರಲ್ಲೋ 2002ರಲ್ಲೋ ಬೆರಳಚ್ಚು ಮಾಡಿಸಿದ ಸಂಶೋಧನಾ ಪ್ರಬಂಧ, ಊರಿನ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಮನೆತನದ ವಂಶಾವಳಿ ಎಲ್ಲವೂ ಸಿ.ಡಿ.ಯಲ್ಲಿ ಭದ್ರವಾಗಿವೆ. ಒಂದು ಬೈಟೂ ಕಳೆದಿಲ್ಲ. ತೆರೆದರೆ ಮಾತ್ರ ಪರದೆಯ ತುಂಬ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು, ಯುರೋಪಿನ ಯಾವುದೋ ಭಾಷೆಯ ಅಕ್ಷರಗಳು! ‘ವೈರಸ್ ಹೊಡೆದಿದೆ’ ಎಂದು ಅಂಗಡಿಯವರು ತೀರ್ಪು ಕೊಟ್ಟುಬಿಡುತ್ತಾರೆ. ಬಹಳಷ್ಟು ಸಲ ವೈರಸ್ಸಿಗೂ ಇದಕ್ಕೂ ಯಾವ ಸಂಬಂಧವೂ ಇರುವುದಿಲ್ಲ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆ ಯಾವ ಅಕ್ಷರ, ಯಾವುದು ದಪ್ಪಕ್ಷರದ ಗುರುತು, ಎಲ್ಲಿ ಸಾಲು ಮುಗಿಯಿತು ಎಂಬುದೆಲ್ಲ ತಂತ್ರಾಂಶ ಬರೆದವರು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ. ಆ ಒಪ್ಪಂದವೇ ಕಡತದ ಬೀಗದ ಕೈ. ಹೊಸ ಆವೃತ್ತಿ ಬಂದಾಗ ಬೀಗವನ್ನೇ ಬದಲಾಯಿಸಿದರೆ ಹಳೆಯ ಕೈ ತಿರುಗುವುದಿಲ್ಲ.

ಇದಕ್ಕೆ ವರ್ಡ್‌ಸ್ಟಾರ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. 1970ರ ದಶಕದ ಕೊನೆಯಲ್ಲಿ ಬಂದ ಈ ತಂತ್ರಾಂಶ ಮುಂದಿನ ದಶಕದಲ್ಲಿ ಬೆರಳಚ್ಚು ಯಂತ್ರಗಳಿಗೆ ಸಡ್ಡು ಹೊಡೆದು ನಿಂತಿತು. ಆಗ ಇಂಗ್ಲಿಷಿನ ಅಕ್ಷರಗಳಿಗೆ ಬಳಸುತ್ತಿದ್ದ ಆಸ್ಕಿ ಸಂಕೇತಕ್ಕೆ ಏಳು ಬಿಟ್ ಸಾಕು. ಒಂದು ಬೈಟಿನಲ್ಲಿ ಎಂಟು ಬಿಟ್ ಇರುತ್ತವೆ. ಉಳಿದ ಎಂಟನೆಯದನ್ನು ಸುಮ್ಮನೆ ಬಿಡುವುದೇಕೆಂದು ವರ್ಡ್‌ಸ್ಟಾರ್ ಅದನ್ನು ಪದ ಮುಗಿದದ್ದರ ಗುರುತಾಗಿ ಬಳಸಿಕೊಂಡಿತು. ಸಾಲಿನ ಬಲ ಅಂಚನ್ನು ಸಮ ಮಾಡಲು ಅದಕ್ಕೆ ಆ ಗುರುತು ಬೇಕಿತ್ತು. ಪರಿಣಾಮವಾಗಿ ಪ್ರತಿ ಪದದ ಕೊನೆಯ ಅಕ್ಷರಕ್ಕೆ 128 ಕೂಡುತ್ತಿತ್ತು. ಇಂಗ್ಲಿಷಿನ ‘ಎಲ್’ ಅಕ್ಷರದ ಸಂಖ್ಯೆ 108. ಅದಕ್ಕೆ 128 ಕೂಡಿದರೆ 236. ಐ.ಬಿ.ಎಂ. ಪಿ.ಸಿ.ಯಲ್ಲಿ 236 ಎಂದರೆ ಗಣಿತದ ಅನಂತ ಚಿಹ್ನೆ. ಹೀಗಾಗಿ ವರ್ಡ್‌ಸ್ಟಾರ್ ಕಡತವನ್ನು ಬೇರೆ ತಂತ್ರಾಂಶದಲ್ಲಿ ತೆರೆದವರಿಗೆ ‘ಸ್ಕೂಲ್’ ಎಂಬ ಪದದ ತುದಿಯಲ್ಲಿ ಅನಂತ ಕಾಣಿಸುತ್ತಿತ್ತು!

ಇದು ಬೇರೆಯವರೊಂದಿಗಿನ ತಕರಾರಾಯಿತು. 1980ರ ದಶಕದ ಮಧ್ಯದಲ್ಲಿ ಅದೇ ಕಂಪನಿ ‘ವರ್ಡ್‌ಸ್ಟಾರ್ 2000’ ಎಂಬ ಹೊಸದನ್ನು ತಂದಾಗ ಆಜ್ಞೆಗಳೂ ಬೇರೆ, ಕಡತದ ರೂಪವೂ ಬೇರೆ. ಹೆಸರಷ್ಟೇ ಮನೆಯದು. ಹಳೆಯ ಬಳಕೆದಾರರು ಕದಲಲಿಲ್ಲ. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತಾವು ಡಾಸ್‌ನಲ್ಲಿ ಓಡುವ ವರ್ಡ್‌ಸ್ಟಾರ್ 4ರಲ್ಲೇ ಬರೆಯುವುದಾಗಿ 2014ರಲ್ಲಿ ಹೇಳಿದಾಗ ಜನ ನಕ್ಕರು. ಬೀಗವನ್ನೂ ಕೈಯನ್ನೂ ಒಟ್ಟಿಗೇ ಇಟ್ಟುಕೊಂಡವರಿಗೆ ಈ ತಾಪತ್ರಯವೇ ಇಲ್ಲ ಎಂಬುದು ನಕ್ಕವರಿಗೆ ಹೊಳೆಯಲಿಲ್ಲ.

ಮೈಕ್ರೋಸಾಫ್ಟ್ ವರ್ಡ್‌ನ ಕಥೆ ಇನ್ನೂ ಸ್ವಾರಸ್ಯ. ವರ್ಡ್ 97 ಬಂದಾಗ ಅದರ ಕಡತಗಳು ವರ್ಡ್ 95ರಲ್ಲಿ ತೆರೆಯುತ್ತಿರಲಿಲ್ಲ. ಎರಡರದ್ದೂ ಬಾಲ ಮಾತ್ರ ಒಂದೇ: ‘ಡಾಕ್’. ಕಚೇರಿಯಲ್ಲಿ ಒಬ್ಬರು ಹೊಸದನ್ನು ಕೊಂಡರೆ ಉಳಿದವರೂ ಕೊಳ್ಳಲೇಬೇಕಾದ ಸ್ಥಿತಿ. ಹಳೆಯ ರೂಪದಲ್ಲಿ ಉಳಿಸುವ ಆಯ್ಕೆಯೇನೋ ಇತ್ತು. ಆದರೆ ಅದನ್ನು ಒತ್ತಿದರೆ ಮೊದಲ ಬಿಡುಗಡೆಯಲ್ಲಿ ಸಿಗುತ್ತಿದ್ದುದು ನಿಜವಾದ ವರ್ಡ್ 95 ಕಡತವಲ್ಲ, ಆರ್.ಟಿ.ಎಫ್. ಎಂಬ ಬೇರೆಯೇ ರೂಪದ ಕಡತಕ್ಕೆ ‘ಡಾಕ್’ ಎಂದು ಹೆಸರಿಟ್ಟು ಕೊಡುತ್ತಿತ್ತು. ಗೊಣಗಾಟ ಹೆಚ್ಚಾದ ಮೇಲೆ ಕಂಪನಿ ಸರಿಯಾದ ಪರಿವರ್ತಕವನ್ನು ಒದಗಿಸಿತು.

ಇದೆಲ್ಲ ಬರೀ ವ್ಯಾಪಾರದ ಹುನ್ನಾರವೆಂದರೆ ಅರ್ಧ ಸತ್ಯ. ಆ ಕಾಲದ ಯಂತ್ರಗಳು ನಿಧಾನ, ಫ್ಲಾಪಿ ಇನ್ನೂ ನಿಧಾನ. ಸ್ಮೃತಿಯಲ್ಲಿದ್ದುದನ್ನು ಹೆಚ್ಚುಕಡಿಮೆ ಹಾಗೆಯೇ ಡಿಸ್ಕಿಗೆ ಸುರಿದರೆ ಬೇಗ ಕೆಲಸ ಮುಗಿಯುತ್ತಿತ್ತು. ಸಮಯ ಉಳಿಸಲೆಂದು ವರ್ಡ್‌ನಲ್ಲಿ ‘ಫಾಸ್ಟ್ ಸೇವ್’ ಎಂಬ ಸೌಲಭ್ಯವೇ ಇತ್ತು. ಬದಲಾವಣೆಗಳನ್ನಷ್ಟೇ ಕಡತದ ಬಾಲಕ್ಕೆ ಅಂಟಿಸುತ್ತಿತ್ತು. ಅಳಿಸಿದೆವೆಂದುಕೊಂಡ ವಾಕ್ಯಗಳು ಒಳಗೇ ಕುಳಿತಿರುತ್ತಿದ್ದವು. ಟೀಕೆ ಬರೆದು, ಹೆದರಿ ಅಳಿಸಿ, ಕಡತವನ್ನು ಮೇಲಧಿಕಾರಿಗೆ ಕಳಿಸಿದವರು ಸಿಕ್ಕಿಬೀಳಲು ಇಷ್ಟು ಸಾಕಿತ್ತು. ಇನ್ನುಳಿದ ಅರ್ಧ ಸತ್ಯವೆಂದರೆ, ಕಡತದ ಒಳರಚನೆಯ ಪೂರ್ಣ ವಿವರವನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಮುಕ್ತವಾಗಿ ಪ್ರಕಟಿಸಿದ್ದು 2008ರಲ್ಲಿ. ಅಲ್ಲಿಯವರೆಗೆ ಜನ ತಾವೇ ಬರೆದದ್ದರ ಕೈಯನ್ನು ಕಂಪನಿಯ ಬಳಿ ಒತ್ತೆಯಿಟ್ಟಂತಾಗಿತ್ತು. ಇದನ್ನು ಅನಿವಾರ್ಯವೆಂದು ಒಪ್ಪುವುದು ಕಷ್ಟ.

2007ರಲ್ಲಿ ಬೀಗ ಮತ್ತೆ ಬದಲಾಯಿತು, ‘ಡಾಕ್ಸ್’ ಬಂತು. ಆಗಲೂ ಹಳೆಯ ವರ್ಡ್ ಇದ್ದವರು ಪರದಾಡಿದರು. ಆದರೆ ಈ ಬಾರಿಯ ಬೀಗ ಪಾರದರ್ಶಕ. ಡಾಕ್ಸ್ ಕಡತ ಎಂದರೆ ಒಂದು ಜಿಪ್ ಗಂಟು ಅಷ್ಟೇ. ಅದರ ಮೊದಲ ಎರಡು ಬೈಟುಗಳು ಇಂಗ್ಲಿಷಿನ ಪಿ ಮತ್ತು ಕೆ. ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಷಿಯಲ್ಲು. ಕಡತದ ಪ್ರತಿಯೊಂದನ್ನು ತೆಗೆದು, ಹೆಸರಿನ ಬಾಲವನ್ನು ‘ಜಿಪ್’ ಎಂದು ಬದಲಿಸಿ ಬಿಚ್ಚಿದರೆ ಒಳಗೆ ‘ವರ್ಡ್’ ಎಂಬ ಫೋಲ್ಡರು, ಅದರೊಳಗೆ ‘ಡಾಕ್ಯುಮೆಂಟ್’ ಎಂಬ ಎಕ್ಸ್‌ಎಂಎಲ್ ಕಡತ ಸಿಗುತ್ತದೆ. ಬರೆದದ್ದೆಲ್ಲ ಅಲ್ಲಿ ಕಣ್ಣಿಗೆ ಕಾಣುವಂತೆ ಇರುತ್ತದೆ. ವರ್ಡ್ ತಂತ್ರಾಂಶವೇ ಇಲ್ಲದಿದ್ದರೂ ಪಠ್ಯ ಉಳಿಯುತ್ತದೆ.

ಆ ಹೊತ್ತಿಗಾಗಲೇ ಮುಕ್ತ ತಂತ್ರಾಂಶದವರ ಓ.ಡಿ.ಎಫ್. ರೂಪಕ್ಕೆ 2006ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿತ್ತು. ಮೈಕ್ರೋಸಾಫ್ಟಿನದಕ್ಕೂ ಮಾನ್ಯತೆ ಬೇಕೆಂದಾಗ ಭಾರತ 2007ರಲ್ಲಿ ವಿರುದ್ಧವಾಗಿ ಮತ ಹಾಕಿತು, 2008ರಲ್ಲೂ ನಿಲುವು ಬದಲಿಸಲಿಲ್ಲ. ಆದರೂ ಅದಕ್ಕೆ ಮಾನ್ಯತೆ ಸಿಕ್ಕಿತು. 2010ರಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು ಪ್ರಕಟಿಸಿತು.

ಇಂಗ್ಲಿಷಿನವರ ಕಷ್ಟ ಇಷ್ಟಕ್ಕೆ ಮುಗಿಯಿತು. ಕನ್ನಡದವರಿಗೆ ಬೀಗದೊಳಗೆ ಇನ್ನೊಂದು ಬೀಗವಿದೆ. ಕಡತ ತೆರೆದರೂ ಅಕ್ಷರ ತೆರೆಯುವುದಿಲ್ಲ! ಶ್ರೀಲಿಪಿ, ಆಕೃತಿ, 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು ಅವುಗಳ ಮೇಲೆ ಕನ್ನಡದ ಚಿತ್ರ ಕೂರಿಸಿದವು. ಯಾವ ಸಂಖ್ಯೆಗೆ ಯಾವ ಚಿತ್ರವೆಂಬುದು ಎಲ್ಲರದ್ದೂ ಒಂದೇ ಆಗಿರಲಿಲ್ಲ. ನುಡಿ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದ ಹೀಗೆ ಕಾಣುತ್ತದೆ: ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಂದು ಗೀಟಿನ ಎ. ಮೂರು ಸಲ ಬಂದ ಆ ಗೀಟಿನ ಎ ನಮ್ಮ ತಲಕಟ್ಟು. ಪೌಂಡು ‘ನ’ದ ಒಡಲು. ಯೂನಿಕೋಡ್‌ನಲ್ಲಿ ಹೀಗಿಲ್ಲ. ಅಲ್ಲಿ ‘ಕ’ ಎಂದರೆ 3221, ಬೆಂಗಳೂರಿನಲ್ಲೂ ಅಷ್ಟೇ, ಬೋಸ್ಟನ್ನಿನಲ್ಲೂ ಅಷ್ಟೇ. ನುಡಿ, ಬರಹಗಳೂ ಮುಂದಿನ ಆವೃತ್ತಿಗಳಲ್ಲಿ ಯೂನಿಕೋಡ್ ಒದಗಿಸಿದವು. ಆದರೆ ಅದಕ್ಕೂ ಮೊದಲು ಬೆರಳಚ್ಚಾದ ರಾಶಿ ಹಾಗೆಯೇ ಉಳಿದಿದೆ. ಎರಡನೆಯ ಮುದ್ರಣಕ್ಕೆಂದು ಹಳೆಯ ಕಡತ ಕೇಳಿದ ಪ್ರಕಾಶಕರು, ಕೊನೆಗೆ ಬೇಸತ್ತು ಇಡೀ ಪುಸ್ತಕವನ್ನು ಮತ್ತೆ ಬೆರಳಚ್ಚಿಗೆ ಕೊಡುವುದು ಈ ಕಾರಣಕ್ಕೇ.

ಬೆರಳಚ್ಚಿಗೆ ಕೊಡುವ ಮೊದಲು ಕೆಲವನ್ನು ಪ್ರಯತ್ನಿಸಬಹುದು. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ವರ್ಡ್ 95, ವರ್ಡ್‌ಪರ್ಫೆಕ್ಟ್ ಕಡತಗಳನ್ನೂ ತೆರೆಯುತ್ತದೆ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಅದರಲ್ಲೇ ಕಡತ ತೆರೆದು, ಅಕ್ಷರಶೈಲಿಯ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ಆ ಹೆಸರು ಗೊತ್ತಿಲ್ಲದೆ ಪರಿವರ್ತಕಕ್ಕೆ ಯಾವ ಕೋಷ್ಟಕ ಹಿಡಿಯಬೇಕೆಂದು ತಿಳಿಯದು. ಪಿ.ಡಿ.ಎಫ್. ಮಾಡಿಟ್ಟರೆ ಸಾಕೆಂಬ ನಂಬಿಕೆ ಬಹಳ ಮಂದಿಗೆ ಇದೆ. ಅಕ್ಷರಶೈಲಿಯನ್ನೂ ಒಳಗೇ ಸೇರಿಸಿದ್ದರೆ ಅದು ಓದಲೇನೋ ಚೆಂದ. ಆದರೆ ಹಳೆಯ ಅಕ್ಷರಶೈಲಿಯ ಪಿ.ಡಿ.ಎಫ್.ನಿಂದ ಒಂದು ಸಾಲು ನಕಲು ಮಾಡಿ ನೋಡಿ, ಮತ್ತೆ ಅದೇ ಪಿ, ಪೌಂಡು, ಕ್ಯೂ.

ಯೂನಿಕೋಡಿಗೆ ತಿರುಗಿಸಿದ ಮೇಲೂ ಕರಡು ತಿದ್ದಲೇಬೇಕು. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದಂತೆ ಮೊದಲೇ ಬರಬೇಕು. ‘ಕರ್ನಾಟಕ’ದಂಥ ಪದಗಳಲ್ಲಿ ಪರಿವರ್ತಕ ಆ ‘ರ್’ ಅನ್ನು ಹಿಂದಕ್ಕೆ ಜರುಗಿಸಬೇಕಾಗುತ್ತದೆ, ಎಲ್ಲ ಪರಿವರ್ತಕಗಳೂ ಎಲ್ಲ ಕಡೆ ಸರಿಯಾಗಿ ಜರುಗಿಸುವುದಿಲ್ಲ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವುಗಳ ಸಂಖ್ಯೆಯೂ ಅವೇ ಆದ್ದರಿಂದ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡಬಹುದು. ಮುದ್ರಿತ ಹಳೆಯ ಪ್ರತಿಯೊಂದು ಸಿಕ್ಕರೆ ಪಕ್ಕದಲ್ಲಿಟ್ಟುಕೊಂಡು ಮೊದಲು ಅರ್ಕಾವತ್ತುಗಳನ್ನೂ, ಆಮೇಲೆ ಇಂಗ್ಲಿಷ್ ಪದಗಳನ್ನೂ ಹುಡುಕಿ ನೋಡಿದರೆ ಕೆಲಸ ಬೇಗ ಸಾಗುತ್ತದೆ.